ದೀಪಕ್ಕೂ ಫ್ಯಾನಿಗೂ ಒಂದೇ ಸ್ವಿಚ್ಚು

ನನ್ನ ಮಾವ ತಹಸಿನ್, ನಮ್ಮ ಕಡಲತೀರದ ಊರು ಮೆರ್ಸಿನ್‌ನಲ್ಲಿ ಮೂವತ್ತೊಂದು ವರ್ಷ ಶಾಲೆಯ ಮಿನಿಬಸ್ ಓಡಿಸಿದವರು. ಯಾವ ಮಗು ಯಾವ ತಿರುವಿನಲ್ಲಿ ವಾಂತಿ ಮಾಡಿಕೊಳ್ಳುತ್ತದೆ, ಯಾವ ಮನೆಯ ಹುಡುಗಿ ಒಂದೇ ಕಾಲಿಗೆ ಶೂ ಹಾಕಿಕೊಂಡು ಓಡಿ ಬರುತ್ತಾಳೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಅಷ್ಟು ವರ್ಷಗಳಲ್ಲಿ ಒಂದು ಮಗುವಿನ ಬೆರಳು ಕೂಡ ಅವರ ಬಸ್ಸಿನ ಬಾಗಿಲಿಗೆ ಸಿಕ್ಕಿಕೊಳ್ಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದಿ ಯಾರಾದರೂ ಅವರನ್ನು ಎಚ್ಚರಗೇಡಿ ಎಂದುಕೊಂಡರೆ ನನಗೆ ಸಂಕಟವಾಗುತ್ತದೆ.

ಅವರು ನಿವೃತ್ತರಾದ ವರ್ಷವೇ ಅತ್ತೆ ಸಿದಿಕಾ ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಆಸ್ಪತ್ರೆಯಲ್ಲಿ ಎರಡು ದಾರಿ ಹೇಳಿದರು. ವಾರಕ್ಕೆ ಮೂರು ದಿನ ಬಂದು ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವುದು ಒಂದು. ಹೊಟ್ಟೆಗೆ ಸಣ್ಣ ಕೊಳವೆ ಕೂರಿಸಿಕೊಂಡು, ದಿನಕ್ಕೆ ನಾಲ್ಕು ಸಲ ಒಳಗಿನ ಹಳೆಯ ನೀರನ್ನು ಹೊರಗೆ ಬಿಟ್ಟು, ಎತ್ತರದಲ್ಲಿ ತೂಗುಹಾಕಿದ ಚೀಲದಿಂದ ಹೊಸ ಔಷಧದ ನೀರು ಇಳಿಸಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಯಂತ್ರವಾದರೆ ಊರಿಗೆ ಕಟ್ಟಿಹಾಕುತ್ತದೆ, ಚೀಲವಾದರೆ ಜೊತೆಗೆ ಬರುತ್ತದೆ ಎಂದು ಅತ್ತೆ ಚೀಲವನ್ನೇ ಆರಿಸಿಕೊಂಡರು. ನಲವತ್ತು ವರ್ಷ ಒಂದೇ ಬಾಲ್ಕನಿಯಿಂದ ಸಮುದ್ರ ನೋಡಿದ್ದಾಯಿತು, ಬೇರೆ ಕಡೆ ಅದು ಹೇಗಿದೆಯೋ ನೋಡಬೇಕು ಎಂದರು.

ಮಾವನಿಗೆ ಅಷ್ಟು ಮಾತು ಸಾಕಾಯಿತು. ತಮ್ಮದೇ ಮಿನಿಬಸ್ಸಿನ ಹದಿನಾರು ಸೀಟುಗಳನ್ನು ಕಿತ್ತುಹಾಕಿ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಜಾಗದಲ್ಲಿ ಎಂಟು ತಿಂಗಳು ಕೂತು ಅದನ್ನು ಚಕ್ರದ ಮೇಲಿನ ಮನೆ, ಅಂದರೆ ಕ್ಯಾರವಾನ್ ಮಾಡಿದರು. ಎಂಜಿನಿಯರನಿಂದ ನಕ್ಷೆ ಬರೆಸಿ, ತಪಾಸಣೆ ಮಾಡಿಸಿ, ಗಾಡಿಯ ಕಾಗದದಲ್ಲೂ ಕ್ಯಾರವಾನ್ ಎಂದೇ ಬರೆಸಿದರು. ಒಳಗಿನ ಪ್ರತಿಯೊಂದು ಅಳತೆಯೂ ಅತ್ತೆಯದು. ಅವರು ಗಿಡ್ಡ, ಮೇಲಿನ ಕಪಾಟು ಅವರ ಕೈಗೆ ಎಟುಕುವ ಎತ್ತರದಲ್ಲಿ ನಿಂತಿತು, ಹಾಗಾಗಿ ನನ್ನ ಗಂಡ ಸೋನೆರ್ ಒಳಗೆ ಹೋದಾಗೆಲ್ಲ ಹಣೆ ಬಡಿಸಿಕೊಳ್ಳುತ್ತಿದ್ದ. ತೊಳೆದ ಕೈ ಮತ್ತೆ ಕೊಳೆಯಾಗಬಾರದೆಂದು ಮೊಣಕೈಯಿಂದ ತಿರುಗಿಸುವ ನಲ್ಲಿ. ಚೀಲಗಳನ್ನು ಮೈಯ ಬಿಸಿಗೆ ತರಲು, ಹಳೆಯ ಡ್ರೈವರ್ ಸೀಟಿನೊಳಗಿನ ಬಿಸಿಪಟ್ಟಿ ಕೂರಿಸಿದ ಪುಟ್ಟ ಪೆಟ್ಟಿಗೆ. ಚಾವಣಿಯಲ್ಲಿ ಸ್ಟೀಲಿನ ಕೊಕ್ಕೆ. ಮಲಗಿಕೊಂಡೇ ಹೊರಗೆ ನೋಡಲು ಉದ್ದದ ಕಿಟಕಿಗೆ ಒತ್ತಿಕೊಂಡ ಹಾಸಿಗೆ. ಹಾಸಿಗೆಯ ಪಕ್ಕದಲ್ಲಿ, ಶಾಲೆಯ ಮಕ್ಕಳು ಇಳಿಯುವ ಮೊದಲು ಒತ್ತುತ್ತಿದ್ದ ಗಂಟೆಯ ಕೆಂಪು ಗುಂಡಿ. ಚೀಲ ಬದಲಿಸುವ ಹೊತ್ತಾದಾಗ ಅತ್ತೆ ಅದನ್ನು ಒತ್ತುತ್ತಿದ್ದರು. ಮಾವ ಎಲ್ಲಿದ್ದರೂ ರಸ್ತೆಯ ಬದಿಗೆ ನಿಲ್ಲಿಸುತ್ತಿದ್ದರು.

ಹಾಗೆ ಅವರು ಎರಡು ವರ್ಷ ನಾಲ್ಕು ತಿಂಗಳು ತಿರುಗಿದರು. ಅನಾಮುರ್, ದಾತ್ಚಾ, ಅಲ್ಲಿಂದ ಮೇಲಕ್ಕೆ ಸಿನೋಪ್. ಅತ್ತೆ ಕಳಿಸುತ್ತಿದ್ದ ಫೋಟೋಗಳಲ್ಲಿ ಯಾವಾಗಲೂ ಕಿಟಕಿಯ ಚೌಕಟ್ಟಿನೊಳಗೆ ಬೇರೆ ಬೇರೆ ಸಮುದ್ರ, ಕೆಳಗೆ ಅವರದೇ ಎರಡು ಪಾದ. ನಾನು ಆಗ ಬಸುರಿ. ಅವರನ್ನು ನೆನೆದು ನಿದ್ದೆ ಬರುತ್ತಿರಲಿಲ್ಲ. ಮನೆಗೆ ಬನ್ನಿ ಎಂದು ಬೇಡಿಕೊಳ್ಳುತ್ತಿದ್ದೆ, ಅತ್ತೆ ನಗುತ್ತಿದ್ದರು.

ಅಕ್ಟೋಬರಿನಲ್ಲಿ, ಆಸ್ಪತ್ರೆ ಇದ್ದ ಸಿನೋಪಿನಿಂದ ಬಹಳ ದೂರದ ಒಂದು ಕಡಲತೀರದಲ್ಲಿ, ಹೊರಗೆ ಬಂದ ನೀರು ಮಬ್ಬಾಗಿತ್ತು. ಹೊಟ್ಟೆಯೊಳಗೆ ಸೋಂಕು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅತ್ತೆಗೆ ಚಳಿಜ್ವರ ಏರಿತ್ತು. ಹನ್ನೊಂದು ದಿನ ತೀವ್ರ ನಿಗಾ ಘಟಕ, ಬಾಯಲ್ಲಿ ಉಸಿರಾಟದ ಕೊಳವೆ. ಹನ್ನೆರಡನೆಯ ದಿನ ಹೋಗಿಬಿಟ್ಟರು.

ನಮ್ಮಲ್ಲಿ ಸಾಯುವವರ ಹಾಸಿಗೆಯ ಬಳಿ, ದೂರ ಹೊರಟವರ ಎದುರು, ಏನನ್ನಾದರೂ ಮಾರಿ ಕೊಂಡಾಗಲೂ ಒಂದು ಮಾತು ಕೇಳುತ್ತೇವೆ: ನನ್ನ ಮೇಲೆ ನಿಮ್ಮ ಹಕ್ಕು ಏನಾದರೂ ಉಳಿದಿದ್ದರೆ ಬಿಟ್ಟುಕೊಡಿ. ಎದುರಿನವರು ಬಿಟ್ಟೆ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಅವರಿಗೆ ಮಾಡಿದ ತಪ್ಪಿನ ಋಣ ತೀರುವುದಿಲ್ಲ. ಮಾವ ಆ ಹನ್ನೊಂದು ದಿನವೂ ಗಾಜಿನ ಈಚೆ ನಿಂತು ಕೇಳಿದರು. ಬಾಯಲ್ಲಿ ಕೊಳವೆ ಇದ್ದವರು ಏನು ಹೇಳಿಯಾರು?

ಅಷ್ಟಕ್ಕೇ ಮುಗಿದಿದ್ದರೆ ಅದು ಎಲ್ಲರ ಮನೆಯ ದುಃಖವಾಗುತ್ತಿತ್ತು. ನಲವತ್ತನೆಯ ದಿನದ ಪ್ರಾರ್ಥನೆಗೆಂದು ಅತ್ತೆಯ ತಲೆವಸ್ತ್ರ ತರಲು ಮಾವ, ಊರಿಗೆ ತಂದು ನಿಲ್ಲಿಸಿದ್ದ ಕ್ಯಾರವಾನಿನ ಒಳಗೆ ಹೋದರು. ಕಿಟಕಿಯ ಪರದೆ ಮುಚ್ಚಿತ್ತು, ದೀಪ ಹಾಕಿದರು. ಬೋಳು ತಲೆಗೆ ತಣ್ಣಗೆ ಗಾಳಿ ತಾಗಿತು. ಮೇಲೆ ನೋಡಿದರೆ ಚಾವಣಿಯ ಫ್ಯಾನು ತಿರುಗುತ್ತಿತ್ತು.

ದೀಪಕ್ಕೂ ಆ ಫ್ಯಾನಿಗೂ ಅವರು ಒಂದೇ ಸ್ವಿಚ್ಚು ಇಟ್ಟಿದ್ದರು. ಶಾಲೆಯ ಬಸ್ಸಿನಲ್ಲಿ ಹಾಗೇ ಇತ್ತು. ಡ್ರೈವರನ ಎದುರಿನ ಒಂದೇ ಗುಂಡಿ ಒತ್ತಿದರೆ ಒಳಗಿನ ದೀಪವೂ ಹತ್ತಿ ಚಾವಣಿಯ ಗಾಳಿಯೂ ಆಡುತ್ತಿತ್ತು. ಮೂವತ್ತೊಂದು ವರ್ಷ ಅದನ್ನೇ ಒತ್ತಿದ ಕೈ, ಕ್ಯಾರವಾನಿಗೆ ತಂತಿ ಎಳೆಯುವಾಗಲೂ ಹಾಗೇ ಎಳೆಯಿತು. ಒಳ್ಳೆಯ ಹಲಗೆಗೆ ಎರಡು ತೂತು ಯಾಕೆ, ಒಂದೇ ಸಾಕು ಎಂದು ನನಗೂ ಹೆಮ್ಮೆಯಿಂದ ತೋರಿಸಿದ್ದರು. ಚೀಲ ಬದಲಿಸುವಾಗ ಕಿಟಕಿ ಬಾಗಿಲು ಮುಚ್ಚಿರಬೇಕು, ಮಾಸ್ಕ್ ಇರಬೇಕು, ಫ್ಯಾನ್ ಮಾತ್ರ ತಿರುಗಲೇಬಾರದು, ಧೂಳು ಕೊಳವೆಯ ಬಾಯಿಗೆ ಬೀಳುತ್ತದೆ ಎಂದು ನರ್ಸ್ ಕಲಿಸಿದ್ದಳು. ಮಾವ ಅದನ್ನು ಶಿಸ್ತಾಗಿ ಕೇಳಿಸಿಕೊಂಡಿದ್ದರು. ಆದರೆ ಫ್ಯಾನ್ ಎಂದಾಗ ಅವರ ಕಣ್ಣಮುಂದೆ ಬಂದದ್ದು ನಮ್ಮ ಹಜಾರದ ಮೂಲೆಯಲ್ಲಿ ಕತ್ತು ತಿರುಗಿಸುತ್ತ ನಿಲ್ಲುವ ಫ್ಯಾನು. ಹಗಲಿನ ಮೂರು ಚೀಲಗಳಿಗೆ ದೀಪ ಬೇಕಿರಲಿಲ್ಲ. ಸಂಜೆಯ ಚೀಲಕ್ಕೆ ಬೇಕಿತ್ತು. ಒಳಗೆ ಒಬ್ಬರೇ ಇರಬೇಕೆಂದು ಮಾವ ತಾವೇ ದೀಪ ಹಾಕಿ, ಬಾಗಿಲೆಳೆದುಕೊಂಡು, ಹೊರಗೆ ಚಹಾ ಕಾಯಿಸುತ್ತ ಕೂರುತ್ತಿದ್ದರು.

ಅವರು ಮೇಲೆ ಬಂದು ನಮಗೆ ಇದನ್ನು ಹೇಳಿದಾಗ ಅಡುಗೆಮನೆಯ ತುಂಬ ನೆಂಟರು, ಒಲೆಯ ಮೇಲೆ ಹಲ್ವಾ. ಸೋನೆರ್ ಅವರನ್ನು ಆಸ್ಪತ್ರೆಗೇ ಕರೆದುಕೊಂಡು ಹೋಗಿ ವೈದ್ಯರ ಎದುರು ಕೂರಿಸಿದ. ಇಂಥ ಸೋಂಕು ಬೆರಳಿನಿಂದ ಬರಬಹುದು, ಕರುಳಿನಿಂದ ಬರಬಹುದು, ಏನೂ ಕಾರಣವಿಲ್ಲದೆಯೂ ಬರಬಹುದು, ಎರಡು ವರ್ಷ ಏನೂ ಮಾಡದ ಫ್ಯಾನಿನ ಮೇಲೆ ತಪ್ಪು ಹೊರಿಸಲಾಗದು ಎಂದರು ವೈದ್ಯರು. ಫ್ಯಾನಿನಿಂದ ಬಂದಿರಲಾರದು ಅಂತ ಬರೆದುಕೊಡ್ತೀರಾ ಎಂದು ಮಾವ ಕೇಳಿದರಂತೆ. ಹಾಗೆ ಬರೆದುಕೊಡಲು ಯಾರಿಂದ ಆಗುತ್ತದೆ?

ಮನೆಗೆ ಬಂದವರೇ ಇನ್ನೊಂದು ಸ್ವಿಚ್ಚು ತಂದು ದೀಪ ಫ್ಯಾನುಗಳನ್ನು ಬೇರೆ ಮಾಡಿದರು. ಮತ್ತೆ ಒಳಗೆ ಕಾಲಿಡಲಿಲ್ಲ. ನಾಲ್ಕು ತಿಂಗಳು ಕ್ಯಾರವಾನ್ ನಮ್ಮ ಬಾಲ್ಕನಿಯ ಕೆಳಗೇ ನಿಂತಿತು. ನನ್ನ ಮಗಳು ದೆಫ್ನೆ ಆಗಷ್ಟೇ ಮಾತು ಕಲಿಯುತ್ತಿದ್ದಳು. ಕೆಳಗೆ ಬೆರಳು ತೋರಿಸಿ ಅದಕ್ಕೆ ಅಜ್ಜಿ ಎನ್ನುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ ಮಾವ ಚಹಾದ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ನನಗೋ ಒಳಗಿರುವ ಗ್ಯಾಸ್ ಸಿಲಿಂಡರಿನ ಚಿಂತೆ, ಬೀಗ ಸಡಿಲವಾಗಿ ಮಗು ಒಳಗೆ ಸೇರಿಕೊಂಡರೆ ಎಂಬ ಚಿಂತೆ, ಅದಕ್ಕಿಂತ ಹೆಚ್ಚಾಗಿ, ಅದನ್ನೇ ನೋಡುತ್ತ ನಿಂತ ಮಾವನ ಚಿಂತೆ. ಮಾರಿಬಿಡೋಣ ಬಾಬಾ ಎಂದು ಹಿಂದೆ ಬಿದ್ದವಳು ನಾನೇ. ಗಂಡನ ತಂದೆಯನ್ನೂ ನಮ್ಮಲ್ಲಿ ಬಾಬಾ ಎಂದೇ ಕರೆಯುವುದು.

ಜಾಹೀರಾತನ್ನು ಅವರು ಹೇಳಿದರು, ನಾನು ಟೈಪ್ ಮಾಡಿದೆ. ಎಂಜಿನು ಒಳ್ಳೆಯದಿದೆ, ಸೋಲಾರ್ ಇದೆ, ಒಳಗೆಲ್ಲ ಕೈಕೆಲಸ, ಸಿಗರೇಟು ಸೇದಿಲ್ಲ. ಆಮೇಲೆ ಅದೇ ದನಿಯಲ್ಲಿ, ದೀಪ ಫ್ಯಾನು ಒಂದೇ ಸ್ವಿಚ್ಚಿಗಿದ್ದುದರಿಂದ ನನ್ನ ಹೆಂಡತಿ ಸತ್ತಳು ಎಂದರು. ನನ್ನ ಬೆರಳು ನಿಂತಿತು. ಇಂಥದ್ದನ್ನು ಯಾರೂ ಬರೆಯುವುದಿಲ್ಲ ಎಂದೆ.

"ಬರೀಬೇಡ ಬಿಡು," ಎಂದರು. "ಬಂದವರಿಗೆ ಬಾಯಲ್ಲೇ ಹೇಳ್ತೀನಿ. ಮಾರುವಾಗ ಹಕ್ಕು ಬಿಡಿ ಅಂತ ಕೇಳ್ಬೇಕಲ್ಲಮ್ಮ. ದೋಷ ಮುಚ್ಚಿಟ್ಟು ಹೆಂಗೆ ಕೇಳಲಿ?"

ಹೇಳಿಯೇ ಹೇಳಿದರು. ಮೊದಲು ಇಸ್ತಾಂಬುಲಿನ ಒಂದು ಎಳೆಯ ಜೋಡಿ ಬಂತು. ಹುಡುಗಿ ಕೊಕ್ಕೆಯನ್ನು ಹಿಡಿದು ಜಗ್ಗಿ, ಇಲ್ಲಿ ಬಳ್ಳಿಯ ಕುಂಡ ತೂಗುಹಾಕಬಹುದು ಎಂದು ಸಂಭ್ರಮಪಟ್ಟಳು. ಕೊಕ್ಕೆ ಯಾತಕ್ಕೆ ಇತ್ತೆಂದು ಮಾವ ಹೇಳಿದರು. ಅಲ್ಲಿಗೆ ನಿಲ್ಲಿಸದೆ ಉಳಿದದ್ದನ್ನೂ ಹೇಳಿದರು. ಹುಡುಗಿ ಕೈಯನ್ನು ಜೀನ್ಸಿಗೆ ಒರೆಸಿಕೊಂಡಳು. ಯೋಚಿಸಿ ತಿಳಿಸುತ್ತೇವೆ ಎಂದು ಹೋದವರು ಫೋನು ಎತ್ತಲಿಲ್ಲ. ಎರಡನೆಯವನು ನಮ್ಮೂರಿನವನೇ, ಮಾರುಕಟ್ಟೆಯ ಹತ್ತಿರ ರೊಟ್ಟಿಯಲ್ಲಿ ಹುರಿದ ಮಾಂಸ ಸುತ್ತಿದ ತಂತುನಿ ಸುರುಳಿ ಮಾರುವವನು. ಗಾಡಿಯೊಳಗೇ ಬಾಣಲೆ ಇಟ್ಟು ಮಾಂಸ ಹುರಿಯುವ ಯೋಚನೆ ಅವನದು. ಹತ್ತಿದ ಕೂಡಲೇ ಕಪಾಟಿಗೆ ತಲೆ ಬಡಿಸಿಕೊಂಡ.

"ಉಸ್ತಾ, ಇದನ್ನ ಯಾರ ಅಳತೆಗೆ ಹೊಲಿಸಿದ್ದು? ನಾನು ಮಂಡಿ ಊರಿ ಮಾಂಸ ಕೊಚ್ಚಬೇಕಾಗುತ್ತೆ," ಎಂದ.

ಮಾವ ಸ್ವಿಚ್ಚಿನ ಕಥೆ ಹೇಳಿದಾಗ ಅವನು ಭುಜ ಹಾರಿಸಿ, ಹೇಗೂ ತಂತಿ ಹಲಗೆ ಎಲ್ಲ ಕಿತ್ತೆಸೆಯುತ್ತೇನೆ, ನನಗೇನಾಗಬೇಕು ಎಂದ. ಮಾವನ ಮುಖ ಮೊದಲ ಸಲ ಹಗುರಾದದ್ದನ್ನು ಕಂಡೆ. ಅವನಿಗೇ ಕೊಡಲು ಸಿದ್ಧರಿದ್ದರು. ಆದರೆ ಅಮ್ಮ ಮಲಗಿದ್ದ ಜಾಗದಲ್ಲಿ ಈರುಳ್ಳಿ ಹೆಚ್ಚುತ್ತಾರಾ ಎಂದು ಸೋನೆರ್ ಕೆರಳಿದ. ಅವನು ಅಪ್ಪನ ಮೇಲೆ ದನಿ ಏರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಂತುನಿಯವನು ಹೊರಟುಹೋದ.

ಮೂರನೆಯವರು ಹತ್ತಿರದ ತಾರ್ಸುಸ್ ಊರಿನಿಂದ ಬಂದರು. ಗಂಡ ಸಾಬಿತ್ ನೂಲಿನ ಗಿರಣಿಯ ಮೇಸ್ತ್ರಿಯಾಗಿದ್ದವರು, ಹೆಂಡತಿ ನೇಜ್ಲಾ ಶಾಲೆಯ ಟೀಚರ್ ಆಗಿದ್ದವರು. ಜಾಹೀರಾತಿನ ಫೋಟೋದಲ್ಲಿ ಕೊಕ್ಕೆಯನ್ನೂ ಮೊಣಕೈ ನಲ್ಲಿಯನ್ನೂ ನೋಡಿ ನೇಜ್ಲಾ ಅದು ಏನೆಂದು ಗುರುತು ಹಿಡಿದಿದ್ದರು. ಅವರ ಹೊಟ್ಟೆಯಲ್ಲೂ ಏಳು ತಿಂಗಳಿಂದ ಅದೇ ಕೊಳವೆ.

ಅವರು ಬರುವ ಬೆಳಿಗ್ಗೆ ನಾನು ಮಾವನ ಎದುರು ನಿಂತು ಬೇಡಿಕೊಂಡೆ. ಸ್ವಿಚ್ಚು ಈಗ ಬೇರೆಯಾಗಿದೆ, ಗಾಡಿಯಲ್ಲಿ ಈಗ ದೋಷವೇ ಇಲ್ಲ. ಇಲ್ಲದ ದೋಷ ಹೇಳಿ ಕಾಯಿಲೆಯ ಹೆಂಗಸಿನ ಎದೆಗೆ ಭಯ ಹಾಕುವುದು ಯಾವ ಧರ್ಮ ಎಂದೆ. ನನಗೆ ಗಾಡಿ ಹೋಗಬೇಕಿತ್ತು. ಧರ್ಮದ ಮಾತು ಬಾಯಿಗೆ ಬಂತು, ಅಷ್ಟೇ. ಮಾವ ಸರಿ ಎಂದರು.

ಆ ಒಂದು ಗಂಟೆ ಮರೆಯುವಂಥದ್ದಲ್ಲ. ನೇಜ್ಲಾ ಮೊಣಕೈಯಿಂದ ನಲ್ಲಿ ತಿರುಗಿಸಿ ನಕ್ಕರು. ಬಿಸಿಪೆಟ್ಟಿಗೆಯೊಳಗೆ ಅಂಗೈ ಇಟ್ಟು ನೋಡಿದರು. ಅವರೂ ಗಿಡ್ಡ; ಕಪಾಟು ಕೈಗೆಟುಕಿತು. ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ ಕಿಟಕಿಯಾಚೆ ನಮ್ಮ ಅಪಾರ್ಟ್‌ಮೆಂಟಿನ ಕಸದ ತೊಟ್ಟಿಯನ್ನು ಸಮುದ್ರದಂತೆ ನೋಡಿದರು. ಗಂಟೆಯ ಕಥೆ ಕೇಳಿ ಗಂಡನಿಗೆ, ನಾನು ಒತ್ತಿದಾಗ ನೀವು ನಿಲ್ಲಿಸೋರಲ್ಲ, ಮುಂದಿನ ಚಹಾದಂಗಡಿ ಬರಲಿ ಅನ್ನೋರು ಎಂದರು. ಮಾವ ಒಳಗೆ ಬರಲಿಲ್ಲ. ಬಾಗಿಲ ಹೊರಗೆ ನಿಂತೇ, ಅದು ಹೀಗೆ, ಇದು ಹೀಗೆ ಎಂದು ಪ್ರತಿಯೊಂದನ್ನೂ ವಿವರಿಸಿದರು. ತಾವು ಮಾಡಿದ್ದನ್ನು ಅರ್ಥಮಾಡಿಕೊಳ್ಳುವ ಒಬ್ಬರು ಕೊನೆಗೂ ಬಂದಿದ್ದರು. ಎರಡು ಸ್ವಿಚ್ಚುಗಳ ಬಗ್ಗೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಹಾ ಕುಡಿದು ಕೈಕುಲುಕಿ, ಗಾಡಿಯ ಕಾಗದ ಬದಲಿಸಲು ನಾಳೆ ನೋಟರಿಯ ಹತ್ತಿರ ಸೇರೋಣ ಎಂದು ಮಾತಾಯಿತು.

ಆ ದಿನ ಮಾವ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು. ನಾನು ನಂಬಿದಂತೆ ಮಾಡಿದೆ.

ಮರುದಿನ ನೋಟರಿ ಕಚೇರಿಯಲ್ಲಿ ಸಂತೆಯಂಥ ಜನ. ಸೋನೆರ್ ಕೆಲಸಕ್ಕೆ ಹೋಗಿದ್ದರಿಂದ ದೆಫ್ನೆಯನ್ನು ಎತ್ತಿಕೊಂಡು ನಾನೇ ಹೋಗಿದ್ದೆ. ಚೀಟಿ ಹರಿದುಕೊಂಡು ನಮ್ಮ ಸಂಖ್ಯೆ ಬರುವುದನ್ನು ಕಾಯುತ್ತಿದ್ದೆವು. ಸಾಬಿತ್ ಖುಷಿಯಲ್ಲಿದ್ದರು. ಮೊದಲು ಎಲ್ಲಿಗೆ ಹೋಗಬೇಕೆಂದು ಹೆಂಡತಿಯೊಡನೆ ಜಗಳವಾಡುತ್ತಿದ್ದರು. ನಮ್ಮ ಮುಂದೆ ಇನ್ನೆರಡೇ ಸಂಖ್ಯೆ ಉಳಿದಾಗ ಮಾವ ಎದ್ದು ಅವರ ಎದುರು ನಿಂತರು. ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ನಾನು ತಡೆಯಬೇಕೆಂದುಕೊಂಡೆ. ತಡೆಯಲಿಲ್ಲ, ಮಗು ನನ್ನ ಕಿವಿಯ ಓಲೆ ಎಳೆಯುತ್ತಿತ್ತು. ಮಾವ ಎಲ್ಲವನ್ನೂ ಹೇಳಿದರು. ಬಸ್ಸಿನ ಗುಂಡಿ, ಒಂದೇ ತೂತು, ನರ್ಸಿನ ಮಾತು, ಸಂಜೆಯ ಚೀಲ, ಹೊರಗೆ ತಾವು ಕಾಯಿಸುತ್ತಿದ್ದ ಚಹಾ. ಸುತ್ತಲಿನವರೂ ಮಾತು ನಿಲ್ಲಿಸಿ ಕೇಳಿದರು. ಸಾಬಿತ್ ಅವರ ಮುಖ ಕೆಂಪಗಾಯಿತು. ಅವರು ತಿರುಗಿದ್ದು ನನ್ನ ಕಡೆಗೆ.

"ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಮಗುವಿನ ತಾಯಿ ನೀನು," ಎಂದರು. ಹೆಂಡತಿಯ ತೋಳು ಹಿಡಿದು ಎಬ್ಬಿಸಲು ಹೋದರು. ನೇಜ್ಲಾ ಏಳಲಿಲ್ಲ. ತಪ್ಪು ಮಾಡಿದ ಹುಡುಗನನ್ನು ಹತ್ತಿರ ಕರೆದು ವಿಚಾರಿಸುವ ಟೀಚರಿನ ಹಾಗೆ, ಶಾಂತವಾಗಿ ಕೇಳತೊಡಗಿದರು. ಅವರು ಬೇ ಎಂದು, ಮಾವ ಹಾನಿಮ್ ಎಂದು, ಇಬ್ಬರೂ ಮರ್ಯಾದೆ ಬಿಡದೆಯೇ ಮಾತಾಡಿದರು.

"ಎಷ್ಟು ದಿನ ಹಾಗೆ ತಿರುಗಿತ್ತು, ತಹಸಿನ್ ಬೇ?"

"ಎರಡು ವರ್ಷ ನಾಲ್ಕು ತಿಂಗಳು, ದಿನಾ ಸಂಜೆ."

"ಅಷ್ಟೂ ದಿನ ಏನೂ ಆಗಲಿಲ್ಲ."

"ಆಗಲಿಲ್ಲ, ನೇಜ್ಲಾ ಹಾನಿಮ್. ಆಮೇಲೆ ಆಯ್ತು."

"ಅವರ ತಲೆ ಮೇಲೇ ತಿರುಗ್ತಿತ್ತಲ್ಲ. ನಿಮ್ಮ ಹೆಂಡತಿಗೆ ಗೊತ್ತಾಗಿರಲಿಲ್ವಾ?"

ಮಾವ ಕೈಯಲ್ಲಿದ್ದ ಟೋಪಿಯ ಅಂಚನ್ನು ತಿರುಗಿಸಿದರು. "ಗೊತ್ತಿರಲೇಬೇಕು. ನರ್ಸಮ್ಮ ಹೇಳಿದ್ದನ್ನ ಅವಳೂ ಕೇಳಿದ್ದಳು. ನಾನು ಹೆಮ್ಮೆಯಿಂದ ಮಾಡಿದ್ನಲ್ಲ, ಬೇಜಾರಾದೀತು ಅಂತ ಸುಮ್ಮನಿದ್ದಳೇನೋ. ತಂಪಾಗಿದೆ ಅನ್ನೋಳು."

ಇದನ್ನು ಅವರು ನಮಗೂ ಹೇಳಿರಲಿಲ್ಲ. ಇಷ್ಟು ದಿನ ಅವರನ್ನು ತಿನ್ನುತ್ತಿದ್ದದ್ದು ಬರಿಯ ತಂತಿಯಲ್ಲ, ಇದೂ ಹೌದು ಎಂದು ನನಗೆ ತಿಳಿದದ್ದು ಆ ಪ್ಲಾಸ್ಟಿಕ್ ಕುರ್ಚಿಗಳ ನಡುವೆ.

ನಮ್ಮ ಸಂಖ್ಯೆ ಬಂತು. ಗುಮಾಸ್ತೆ ಎರಡು ಸಲ ಕೂಗಿದಳು. ನೇಜ್ಲಾ ಎದ್ದರು. ಅಂಥ ಗಾಡಿ ಇನ್ನೊಂದು ಸಿಗುವುದಿಲ್ಲ, ಸಿಗುವವರೆಗೆ ಕಾಯುವಷ್ಟು ಸಮಯ ನನಗಿದೆಯೋ ಇಲ್ಲವೋ ಎಂದು ಗಂಡನಿಗೆ ಹೇಳಿ ಕೌಂಟರಿಗೆ ನಡೆದರು. ಸಹಿಗಳಾದವು. ಬ್ಯಾಂಕಿನ ಸಂದೇಶ ಬಂತು. ಬೀಗದ ಕೈ ಕೊಡುವಾಗ ಮಾವ ಅದನ್ನು ಕೂಡಲೇ ಬಿಡಲಿಲ್ಲ.

"ನಿಮ್ಮ ಹಕ್ಕು ಬಿಟ್ಟುಕೊಡಿ," ಎಂದರು.

"ಬಿಟ್ಟೆ," ಎಂದರು ನೇಜ್ಲಾ. ಸಾಬಿತ್ ಕೂಡ ನೆಲ ನೋಡುತ್ತ ಬಿಟ್ಟೆ ಎಂದರು.

ಮಾವ ಬೀಗದ ಕೈಯನ್ನು ಇನ್ನೂ ಹಿಡಿದೇ ಇದ್ದರು. "ಹಾನಿಮ್, ಅವಳು ಮಲಗಿದ ಜಾಗದಲ್ಲೇ ಇನ್ನು ನೀವು ಮಲಗೋದು. ನಿಮ್ಮ ಕಾಯಿಲೆಯೂ ಅದೇ. ಅವಳ ಹಕ್ಕನ್ನೂ ನೀವೇ ಬಿಟ್ಟೆ ಅಂದುಬಿಡಿ. ಒಂದೇ ಮಾತು."

ನೇಜ್ಲಾ ಮಾವನ ಮುಖ ನೋಡಿದರು. ಹೂಂ ಎಂದುಬಿಡಲಿ ಎಂದು ನಾನು ದೇವರನ್ನು ಬೇಡಿಕೊಂಡೆ.

"ನಂದು ನಾನು ಬಿಟ್ಟೆ, ತಹಸಿನ್ ಬೇ. ಅವರದ್ದು ನನ್ನ ಕೈಯಲ್ಲಿಲ್ಲ. ಸುಳ್ಳು ಹೇಳಲಾರೆ," ಎಂದರು.

ಮಾವ ಬೀಗದ ಕೈ ಬಿಟ್ಟರು.

ಗಾಡಿ ಹೋದ ಮೇಲೆ ನೆಮ್ಮದಿ ಬರುತ್ತದೆ ಎಂದುಕೊಂಡಿದ್ದು ನನ್ನ ಪೆದ್ದುತನ. ಮೂರನೆಯ ದಿನವೇ ಮಾವ ಸಾಬಿತ್ ಅವರಿಗೆ ಫೋನು ಮಾಡಿದರು. ಮನೆಯವರು ಹೇಗಿದ್ದಾರೆ, ಜ್ವರ ಇಲ್ಲವಲ್ಲ, ಹೊರಗೆ ಬರುವ ನೀರು ತಿಳಿಯಾಗಿದೆಯಾ? ಮೊದಮೊದಲು ಸಾಬಿತ್ ಸೌಜನ್ಯದಿಂದ ಉತ್ತರಿಸಿದರು. ದಿನ ಬಿಟ್ಟು ದಿನ ಅದೇ ಪ್ರಶ್ನೆ ಬಂದಾಗ ದನಿ ಗಡುಸಾಯಿತು. ಅಣ್ಣನೆಂಬಂತೆ ಅಬಿ ಎಂದು ಕರೆದೇ, ನೀವು ಫೋನು ಮಾಡಿದಾಗೆಲ್ಲ ಇವಳ ರಕ್ತದೊತ್ತಡ ಏರುತ್ತೆ, ಬಿಟ್ಟುಬಿಡಿ ಎಂದರು. ಆಮೇಲೆ ಎತ್ತುವುದನ್ನೇ ನಿಲ್ಲಿಸಿದರು. ಮಾವ ಬಾಲ್ಕನಿಯಲ್ಲಿ ಕೂತು, ಕೆಳಗೆ ಯಾರದೋ ಕಾರು ನಿಂತ ಜಾಗ ನೋಡುತ್ತ, ಫೋನಿನಲ್ಲಿ ಗಂಟೆ ಬಾರಿಸಿ ನಿಲ್ಲುವ ತನಕ ಕೇಳಿಸಿಕೊಳ್ಳುತ್ತಿದ್ದರು. ಮೈ ಇಳಿಯಿತು. ಅವರ ಷರಟಿನ ಕಾಲರಿನೊಳಗೆ ಎರಡು ಬೆರಳು ತೂರುವಷ್ಟು ಜಾಗವಾಯಿತು.

ಜೂನ್ ತಿಂಗಳಲ್ಲಿ ನನ್ನ ಫೋನಿಗೆ ನೇಜ್ಲಾ ಅವರ ಸಂದೇಶ ಬಂತು. ನೋಟರಿಯ ಕಾಗದದಲ್ಲಿ ನನ್ನ ಸಂಖ್ಯೆಯೂ ಇತ್ತು. ಅಂತಾಲ್ಯದಲ್ಲಿದ್ದಾಗ ಅವರಿಗೂ ಸೋಂಕಾಗಿತ್ತಂತೆ. ಇದನ್ನು ಮಾವನಿಂದ ಮುಚ್ಚಿಡುವುದೇ ಸರಿ ಎಂದುಕೊಂಡೆ, ಒಮ್ಮೆ ಬೇರೆಯವರಿಂದ ಮುಚ್ಚಿಡಲು ಹೋಗಿ ಆದದ್ದು ಸಾಕು ಎಂದೂ ಅನ್ನಿಸಿತು. ಒಳಗೆ ಹೋಗಿ ಮಾವನ ಪಕ್ಕ ಕೂತು ಪೂರ್ತಿಯಾಗಿ ಓದಿ ಹೇಳಿದೆ. ನೇಜ್ಲಾ ಬರೆದದ್ದು ಇಷ್ಟು: ಹದಿನಾಲ್ಕು ದಿನ ಔಷಧವಾಯಿತು, ಈಗ ಗುಣವಾಗಿದೆ. ತಪ್ಪು ನನ್ನದೇ, ಕೊಳವೆಯ ತುದಿ ಬೆರಳಿಗೆ ತಾಗಿದ್ದು ಗೊತ್ತಾಗಿಯೂ ಒರೆಸಿ ಹಾಗೇ ಸೇರಿಸಿಬಿಟ್ಟೆ. ಫ್ಯಾನು ಹಾಕಿರಲಿಲ್ಲ. ಇಂಥದ್ದು ಹೀಗೂ ಬರುತ್ತದೆ ಎಂದು ತಹಸಿನ್ ಬೇ ಅವರಿಗೆ ತಿಳಿಯಲಿ ಎಂದೇ ಬರೆಯುತ್ತಿದ್ದೇನೆ.

ಮಾವ ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ಕೇಳಿದಿರಾ ಬಾಬಾ, ಫ್ಯಾನೇ ಹಾಕಿರಲಿಲ್ಲವಂತೆ ಎಂದೆ. ನನ್ನ ದನಿಯಲ್ಲಿದ್ದ ಆಸೆ ನನಗೇ ಕೇಳಿಸುತ್ತಿತ್ತು.

ಅವರು ಕನ್ನಡಕ ತೆಗೆದು ಷರಟಿನ ಅಂಚಿನಿಂದ ಒರೆಸಿದರು.

"ಒಳ್ಳೆ ಹೆಂಗಸು," ಎಂದರು. "ಸಿದಿಕಾ ಇದ್ದಿದ್ರೂ ನಂಗೆ ಬೇಜಾರಾಗಬಾರದು ಅಂತ ಹೀಗೇ ಬರೀತಿದ್ದಳು."

ಏನು ಉತ್ತರ ಬರೆಯಲಿ ಎಂದು ಕೇಳಿದೆ. ಬೇಗ ಚೇತರಿಸಿಕೊಳ್ಳಲಿ ಅಂತ ಬರಿ ಎಂದರು. ಬರೆದು ಕಳಿಸಿದೆ. ಮತ್ತೆ ಅವರು ಸಾಬಿತ್ ಅವರಿಗೆ ಫೋನು ಮಾಡಲಿಲ್ಲ.